ಇಳಿಜಾರು ಒಳಛಾವಣಿಯೂ ದೀಪಗಳ ಜೋಡಣೆಯೂ

ಕಟ್ಟಡದ ವಿನ್ಯಾಸವನ್ನು ಕಂಪ್ಯೂಟರಿನಲ್ಲಿ ರಚಿಸುವಾಗ ಸಮತಟ್ಟಾದ ಒಳಛಾವಣಿಗೆ ದೀಪವನ್ನು ಜೋಡಿಸುವುದು ಸುಲಭ. ಇಳಿಜಾರಿನದಕ್ಕೆ ಜೋಡಿಸುವಲ್ಲಿ ತೊಡಕು ತಲೆದೋರುತ್ತದೆ. 2000ನೆಯ ಇಸವಿಯಲ್ಲಿ ಹೊರಬಂದು, 2002ರಲ್ಲಿ ಆಟೋಡೆಸ್ಕ್ ಸಂಸ್ಥೆಗೆ ಸೇರಿದ ರೆವಿಟ್ ತಂತ್ರಾಂಶವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಇದರಲ್ಲಿ ಒಳಛಾವಣಿಯ ಎಲ್ಲೆಯನ್ನು ಗೆರೆಗಳಿಂದ ಗುರುತಿಸಿ, ಇಳಿಜಾರಿನ ಬಾಣವನ್ನೆಳೆದರೆ ಅದು ಬೇಕಾದ ಕೋನಕ್ಕೆ ವಾಲುತ್ತದೆ. ಅದರ ಮೈಯನ್ನು ಆಶ್ರಯಿಸಿದ ದೀಪವೂ ಜೊತೆಯಲ್ಲಿ ವಾಲುತ್ತದೆ. ಹುದುಗಿಸಿದ ದೀಪಕ್ಕೆ ಇದು ಸಹಜ. ತೂಗುದೀಪಕ್ಕಾದರೋ ಅಸಂಗತ, ಏಕೆಂದರೆ ಗುರುತ್ವದಿಂದ ಅದು ನೆಟ್ಟಗೆ ತೂಗಲೇಬೇಕು. ತೂಗುದೀಪವನ್ನು ಛಾವಣಿಯ ಆಶ್ರಯವಿಲ್ಲದೆ ರಚಿಸಿ, ಎತ್ತರವನ್ನು ಬೇರೆಯಾಗಿ ನಮೂದಿಸುವುದು ಒಂದು ಪರಿಹಾರ. ಆದರೆ ಮುಂದೆ ಛಾವಣಿಯ ಎತ್ತರವನ್ನು ಬದಲಿಸಿದಾಗ ದೀಪವು ತಾನಾಗಿ ಅದನ್ನು ಅನುಸರಿಸದು.

ಇದು ಚಿತ್ರದ ಅಂದಕ್ಕೆ ಮಾತ್ರ ಸಂಬಂಧಿಸಿದ ವಿಷಯವಲ್ಲ. 30 ಡಿಗ್ರಿ ವಾಲಿದ ಛಾವಣಿಯಲ್ಲಿ, ಮೇಜಿನ ಮಟ್ಟಕ್ಕಿಂತ 3 ಮೀಟರ್ ಮೇಲೆ ಹುದುಗಿಸಿದ ದೀಪವೊಂದನ್ನು ಭಾವಿಸೋಣ. ಅದರ ಬೆಳಕಿನ ಅಕ್ಷವು ದೀಪದ ನೇರ ಕೆಳಗಿನ ಬಿಂದುವಿನಿಂದ ಸುಮಾರು 1.73 ಮೀಟರ್ ಸರಿದು, ಛಾವಣಿ ಏರುವ ಕಡೆಗೆ ಬೀಳುತ್ತದೆ. ವಿಲೋಮ ವರ್ಗ ನಿಯಮವನ್ನೂ ಕೊಸೈನ್ ನಿಯಮವನ್ನೂ ಕೂಡಿಸಿ ಎಣಿಸಿದರೆ, ಅಲ್ಲಿ ದೊರೆಯುವ ಬೆಳಕು, ಅದೇ ದೀಪ ನೇರ ಕೆಳಮೊಗವಾಗಿದ್ದಾಗ ಅದರಡಿಯಲ್ಲಿ ದೊರೆಯುವುದರ ಶೇಕಡ 65ರಷ್ಟು ಮಾತ್ರ. ಬೆಳಕಿನ ಹರವು ಕಿರಿದಾಗಿದ್ದರೆ, ತಗ್ಗು ಗೋಡೆಯ ಬದಿಯಲ್ಲಿ ಕುಳಿತು ಓದುವವನು ಮಬ್ಬಿನಲ್ಲಿಯೇ ಉಳಿಯುತ್ತಾನೆ.

ಮೇಲುನೋಟದ ನಕ್ಷೆಯಲ್ಲಿ ಈ ದೋಷ ಸುಲಭವಾಗಿ ಕಾಣದು, ಅಡ್ಡಕೊಯ್ತದಲ್ಲಿ ಸ್ಪಷ್ಟವಾಗುತ್ತದೆ. ಆದುದರಿಂದ ಅಡ್ಡಕೊಯ್ತವನ್ನು ಪರೀಕ್ಷಿಸಿದ ತರುವಾಯವೇ ದೀಪಗಳ ಸ್ಥಾನವನ್ನೂ ಸಂಖ್ಯೆಯನ್ನೂ ನಿಶ್ಚಯಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.