ಎಲೆ ಬರೆದಿಟ್ಟ ಹವೆಯ ಲೆಕ್ಕ

ದಾವಣಗೆರೆ ಹರಿಹರಗಳ ನಡುವಣ ಬಾತಿಯ ಕೆರೆಗೆ ಉದುರಿದ ಎಲೆ ಸಾಮಾನ್ಯವಾಗಿ ಕೊಳೆತುಹೋಗುವುದು. ಗಾಳಿ ಸೋಕದ ಕೆಸರಿನಲ್ಲಿ ಹೂತ ಅಪರೂಪದ ಎಲೆಯೇ ಯುಗಾಂತರದಲ್ಲಿ ಕಲ್ಲಚ್ಚಾಗುವುದು. ಆ ಸೀಮೆಯ ಹಳೆಯ ಬಂಡೆಗಳಲ್ಲಿ ಮಾತ್ರ ಅದನ್ನು ಅರಸಿ ಫಲವಿಲ್ಲ. 250 ಕೋಟಿ ವರ್ಷಗಳಿಗೂ ಹಿಂದೆ, ಅವು ರೂಪುಗೊಂಡಾಗ, ಭೂಮಿಯಲ್ಲಿ ಎಲೆಯೆಂಬುದೇ ಇರಲಿಲ್ಲ.

ಅಸ್ಸಾಮಿನ ಮಾಕುಂ ಕಲ್ಲಿದ್ದಲ ಪ್ರದೇಶದಲ್ಲಿ ಸುಮಾರು 2 ಕೋಟಿ 40 ಲಕ್ಷ ವರ್ಷಗಳ ಹಿಂದಿನ ಎಲೆಗಳು ದೊರೆತಿವೆ. ಲಖನೌದ ಬೀರಬಲ್ ಸಾಹನಿ ಸಂಸ್ಥೆಯ ವಿದ್ವಾಂಸರು 2025ರಲ್ಲಿ ತಿಳಿಸಿದಂತೆ ಅವುಗಳಲ್ಲಿ ಕೆಲವು ಮಾವು ಗೇರುಗಳ ಕುಟುಂಬಕ್ಕೆ ಸೇರಿದ ನೋಥೋಪೀಜಿಯಾ ಗಿಡದವು. ಅದರ ಬಂಧುಗಳು ಇಂದು ನಮ್ಮ ಸಹ್ಯಾದ್ರಿಯಲ್ಲಿವೆ, ಅಲ್ಲಿಲ್ಲ! ಹಿಮಾಲಯವು ಮೇಲೆದ್ದು ಹವೆ ತಣ್ಣಗಾದುದರಿಂದ ಅಲ್ಲಿ ಅಳಿದುವೆಂದು ಅವರ ಮತ.

ಎಲೆಯು ಹವೆಯನ್ನು ತಿಳಿಸುವುದೆಂತು? ನುಣುಪಂಚಿನ ಎಲೆಗಳು ಬೆಚ್ಚನೆಯ ನಾಡಿನಲ್ಲಿ ಹೆಚ್ಚು, ಗರಗಸದಂಚಿನವು ಚಳಿನಾಡಿನಲ್ಲಿ. ಇದಕ್ಕಿಂತ ಸ್ವಾರಸ್ಯವಾದುದು ಎಲೆಯ ಸೂಕ್ಷ್ಮರಂಧ್ರಗಳ ಎಣಿಕೆ. ಅವುಗಳ ಮೂಲಕವೇ ಇಂಗಾಲಾಮ್ಲವಾಯು ಒಳಬರುವುದು, ನೀರಾವಿ ಹೊರಹೋಗುವುದು. ವಾಯು ಧಾರಾಳವಾಗಿದ್ದರೆ ಜಾಣ ಗೃಹಸ್ಥನಂತೆ ಗಿಡವು ಬಾಗಿಲುಗಳನ್ನು ಕಡಮೆ ಮಾಡಿ ನೀರನ್ನುಳಿಸುವುದು. ಆದುದರಿಂದ ಕಲ್ಲಚ್ಚಿನ ರಂಧ್ರಗಳನ್ನೆಣಿಸಿ ಆಗಿನ ವಾಯುಪ್ರಮಾಣವನ್ನು ಅಳೆಯಬಹುದು. ಆಂಗ್ಲ ವಿಜ್ಞಾನಿ ವುಡ್‌ವರ್ಡ್ 1987ರಲ್ಲಿ ಸಸ್ಯಸಂಗ್ರಹದ ಒಣ ಎಲೆಗಳನ್ನು ಪರೀಕ್ಷಿಸಿದಾಗ, ಕಾರ್ಖಾನೆಗಳ ಹೊಗೆ ಹೆಚ್ಚಿದ ಇನ್ನೂರು ವರ್ಷಗಳಲ್ಲಿ ರಂಧ್ರಗಳ ಸಾಂದ್ರತೆ ನೂರಕ್ಕೆ ಸುಮಾರು 40ರಷ್ಟು ಇಳಿದಿತ್ತು.