ಕೇರಿಯ ಶುಚೀಕರಣ ದಿನವನ್ನು ಕುರಿತು

ಭಟ್ಕಳ, ಹೊನ್ನಾವರ, ಕುಮಟೆಗಳಲ್ಲಿ ವಾಸಿಸುವ ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ನೆರೆಹೊರೆಯವರನ್ನು ಕೂಡಿಸಿ ತಮ್ಮ ಕೇರಿಯಲ್ಲಿ ಒಂದು ಶುಚೀಕರಣ ದಿನವನ್ನು ನಡಿಸಬೇಕೆಂದು ಅಪೇಕ್ಷಿಸಿದರೆ, ಅಂಥವರಿಗೆ ಉಪಯೋಗವಾಗಲೆಂದು ನಾವು ಕೆಲವು ಸಂಗತಿಗಳನ್ನು ಇಲ್ಲಿ ಬರೆಯುತ್ತೇವೆ. ಪೊರಕೆ ಹಿಡಿದು ಹೊರಡುವದು ಈ ಕೆಲಸದ ಸುಲಭವಾದ ಭಾಗ. ಕೂಡಿಸಿದ ಕಸವು ಸಾಯಂಕಾಲಕ್ಕೆ ಎಲ್ಲಿಗೆ ಹೋಗತಕ್ಕದ್ದೆಂಬದನ್ನು ಮುಂಚಿತವಾಗಿ ನಿಶ್ಚಯಿಸುವದೇ ಕಠಿಣವಾದದ್ದು. ಅದನ್ನು ನಿಶ್ಚಯಿಸದೆ ಗುಡಿಸಿದರೆ ಕಸವು ನಮ್ಮ ಬಾಗಲಿನಿಂದ ಹೊಳೆಯ ದಂಡೆಗೆ ಸ್ಥಳವನ್ನು ಬದಲಿಸುವದಲ್ಲದೆ ಇಲ್ಲದೆ ಹೋಗದು.

ನಮ್ಮ ಸೀಮೆಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲ್ಲಿಮೀಟರಿಗೆ ಮೇಲ್ಪಟ್ಟು ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರದ ವರೆಗಿನದು. ಬೇಸಗೆಯಲ್ಲಿ ಗಟಾರದೊಳಗೆ ಒಣಗಿ ಬಿದ್ದಿದ್ದ ಚೀಲಗಳನ್ನೂ ಬಾಟ್ಲಿಗಳನ್ನೂ ಮೊದಲನೆಯ ದೊಡ್ಡ ಮಳೆಯೇ ಎತ್ತಿಕೊಂಡು ಹೋಗುತ್ತದೆ. ಭಟ್ಕಳದಲ್ಲಿ ಅವು ಶರಾಬಿ ಹೊಳೆಗೂ, ಹೊನ್ನಾವರದಲ್ಲಿ ಶರಾವತಿಗೂ, ಕುಮಟಾ ತಾಲೂಕಿನ ಅನೇಕ ಊರುಗಳಿಂದ ಅಘನಾಶಿನಿಗೂ ಇಳಿದು ಅಳಿವೆಯನ್ನು ಸೇರುತ್ತವೆ. ಅಘನಾಶಿನಿಯ ಅಳಿವೆಯು ೨೦೨೪ರಲ್ಲಿ ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿತು. ಇದು ಸಂತೋಷದ ಸಂಗತಿ. ಆದರೆ ಇಳಿತದ ಹೊತ್ತಿನಲ್ಲಿ ಕೆಸರಿಗಿಳಿದು ಬಳಚು ಹೆಕ್ಕುವ ಹೆಂಗಸಿಗೆ ಆ ಪಟ್ಟಿಗಿಂತ ಒಡೆದ ಸೀಸೆಯ ಚೂರು ಹತ್ತಿರದ ವಿಷಯ. ಕಾಲು ಕೊಯ್ದರೆ ಆಕೆಯ ಸಂಪಾದನೆ ನಿಲ್ಲುತ್ತದೆ. ಆ ಚೂರು ನಮ್ಮ ಕೇರಿಯದಲ್ಲವೆಂದು ಯಾರು ಹೇಳಬಲ್ಲರು?

ಆದಕಾರಣ ದಿನವನ್ನು ಗೊತ್ತುಮಾಡುವಾಗ ಮಳೆಯನ್ನು ನೋಡಿಕೊಳ್ಳಬೇಕು. ೧೯೮೬ರಲ್ಲಿ ಅಮೇರಿಕದ ಟೆಕ್ಸಾಸಿನಲ್ಲಿ ಆರಂಭವಾದ ಅಂತರರಾಷ್ಟ್ರೀಯ ಕಡಲತೀರ ಶುಚೀಕರಣವು ಸೆಪ್ಟೆಂಬರದ ಮೂರನೆಯ ಶನಿವಾರ ನಡೆಯುತ್ತದೆ. ಕಡಲ ದಂಡೆಗೆ ಅದು ಒಪ್ಪುವ ಕಾಲವಾಗಿರಬಹುದು. ಕೇರಿಗಾದರೋ ತಡವಾಯಿತು, ಯಾಕಂದರೆ ಕೊಚ್ಚಿಹೋಗತಕ್ಕದ್ದೆಲ್ಲಾ ಆಗಲೇ ಹೋಗಿರುವದು. ನಮ್ಮ ಅಭಿಪ್ರಾಯದಲ್ಲಿ ಮೇ ತಿಂಗಳ ನಡುವಿನ ಒಂದು ಆದಿತ್ಯವಾರವು ಯೋಗ್ಯ. ಮಕ್ಕಳಿಗೆ ರಜೆ ಇರುವದು, ಮದುವೆಯಾದ ಹೆಣ್ಣುಮಕ್ಕಳೂ ತವರಿಗೆ ಬಂದಿರುವರು. ಬಿಸಿಲೇರುವದಕ್ಕೆ ಮೊದಲು, ಒಂಬತ್ತು ಗಂಟೆಯೊಳಗೆ ಹೊರಗಿನ ಕೆಲಸ ಮುಗಿಯತಕ್ಕದ್ದು. ೨೦೨೦ರಲ್ಲಿ ನೀಲಿ ಬಾವುಟದ ಮನ್ನಣೆ ಪಡೆದ ಕಾಸರಕೋಡಿನ ತೀರದ ಆಸುಪಾಸಿನಲ್ಲಿ ಚಳಿಗಾಲದ ತಿಂಗಳುಗಳಲ್ಲಿ ಕಡಲಾಮೆಗಳು ಮೊಟ್ಟೆಯಿಡುವದರಿಂದ ಆಗ ಮರಳನ್ನು ಕೆದಕಬಾರದು. ಮೇಲೆ ಬಿದ್ದಿರುವ ಬಲೆಯ ತುಂಡುಗಳನ್ನು ಮಾತ್ರ ಕೈಯಿಂದ ಹೆಕ್ಕಬಹುದು.

ದಿನಕ್ಕೆ ಹದಿನೈದು ದಿವಸ ಮೊದಲು ಇಬ್ಬರು ಹಿರಿಯರು ಊರ ಪುರಸಭೆಗಾಗಲಿ ಪಂಚಾಯತಿಗಾಗಲಿ ಹೋಗಿ ಗಾಡಿ ಎಷ್ಟು ಹೊತ್ತಿಗೆ ಬರುವದೆಂದು ಕೇಳಿಕೊಂಡು ಬರಬೇಕು. ಗುಜರಿಯವನನ್ನೂ ಕಾಣಬೇಕು. ಅವನು ಏನನ್ನು ಕೊಳ್ಳುವನು, ಏನನ್ನು ಮುಟ್ಟನು ಎಂಬದು ಅವನಿಗೆ ತಿಳಿದಷ್ಟು ನಮಗೆ ತಿಳಿಯದು. ಹಳೆ ಕಾಗದ, ರಟ್ಟು, ಕಬ್ಬಿಣ, ತಗಡು, ನೀರಿನ ಬಾಟ್ಲಿ ಇವುಗಳಿಗೆ ಬೆಲೆಯುಂಟು. ತೊಳೆದು ಒಣಗಿಸಿದ ಹಾಲಿನ ಪೊಟ್ಟಣಕ್ಕೂ ಉಂಟು. ಮರಳೂ ಉಪ್ಪುನೀರೂ ಹತ್ತಿದ್ದಕ್ಕೆ ಇಲ್ಲ. ಒಳಮೈ ಬೆಳ್ಳಿಯಂತೆ ಹೊಳೆಯುವ ತಿಂಡಿಯ ಪೊಟ್ಟಣದಲ್ಲಿ ಪ್ಲಾಸ್ಟಿಕ್ಕೂ ಲೋಹವೂ ಪದರುಪದರಾಗಿ ಅಂಟಿಕೊಂಡಿರುವದರಿಂದ ಅದನ್ನು ಬಿಡಿಸಿ ಮರಳಿ ಬಳಸುವದು ಬಹು ಕಷ್ಟ. ಅಂಥದನ್ನು ಬೇರೆಯಾಗಿ ಕಟ್ಟಿಕೊಟ್ಟರೆ ಸಿಮೆಂಟು ಕಾರ್ಖಾನೆಯ ಭಟ್ಟಿಯಲ್ಲಿ ಉರುವಲಾಗಬಹುದು.

೨೦೧೬ರ ಘನತ್ಯಾಜ್ಯ ನಿಯಮಗಳು ಹಸಿಕಸ, ಒಣಕಸ, ಅಪಾಯಕರವಾದ ಕಸ ಎಂದು ಮೂರು ಪಾಲನ್ನು ಮನೆಯಲ್ಲಿಯೇ ಮಾಡಬೇಕೆಂದು ವಿಧಿಸಿದವು. ಶುಚೀಕರಣದ ದಿನ ಇವಲ್ಲದೆ ಗಾಜಿಗೆ ಪ್ರತ್ಯೇಕವಾದ ಚೀಲ ಬೇಕು. ಅದನ್ನು ಅರ್ಧಕ್ಕಿಂತ ಹೆಚ್ಚು ತುಂಬಬಾರದು, ಮಕ್ಕಳ ಕೈಗೆ ಕೊಡಲೇಬಾರದು. ಸೂಜಿ, ಔಷಧ, ಬ್ಯಾಟರಿ ಇವುಗಳನ್ನು ಕೈಚೀಲ ತೊಟ್ಟ ದೊಡ್ಡವರೇ ಎತ್ತಲಿ. ಕರಟ, ಹಳೆ ಟಯರು, ಒಡೆದ ಗಡಿಗೆಗಳನ್ನು ಬರಿದೇ ಕವಚಿಹಾಕಿದರೆ ಸಾಲದು. ಡೆಂಗಿ ಜ್ವರವನ್ನು ಹರಡುವ ಸೊಳ್ಳೆಯ ಮೊಟ್ಟೆಯು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿದ್ದು ನೀರು ತಗಲಿದೊಡನೆ ಒಡೆಯುತ್ತದೆ. ಆದದರಿಂದ ಇಟ್ಟುಕೊಳ್ಳುವ ಪಾತ್ರೆಯ ಒಳಮೈಯನ್ನು ಉಜ್ಜಿ ತೊಳೆಯಬೇಕು.

ಇಲ್ಲಿ ತಾಯಂದಿರಿಗೆ ಒಂದು ಮಾತು. ನಮ್ಮ ಕಡೆಯ ಮನೆಗಳಲ್ಲಿ ಬಚ್ಚಲೊಲೆಗೆ ಬೆಂಕಿ ಹತ್ತಿಸುವದಕ್ಕೆ ಪ್ಲಾಸ್ಟಿಕ್ ಚೀಲವನ್ನು ತುರುಕುವ ರೂಢಿ ಬೆಳೆದಿದೆ. ಚೀಲ ಕಣ್ಮರೆಯಾಗುವದರಿಂದ ಶುಚಿಯಾಯಿತೆಂದು ತೋರುತ್ತದೆ. ಆದರೆ ಒಲೆಯ ಮಂದವಾದ ಉರಿಯಲ್ಲಿ ಅದು ಪೂರಾ ಉರಿಯದೆ ವಿಷದ ಹೊಗೆಯನ್ನು ಬಿಡುತ್ತದೆ. ಕೆಲವು ಜಾತಿಯ ಪ್ಲಾಸ್ಟಿಕ್ಕಿನಿಂದ ಡಯಾಕ್ಸಿನ್ ಎಂಬ ಘೋರ ವಿಷವೂ ಹುಟ್ಟುವದು. ಹೊಗೆಯನ್ನು ಮೊದಲು ಕುಡಿಯುವವಳು ಒಲೆಯ ಮುಂದೆ ಕೂತವಳೇ. ಆ ಬೂದಿಯನ್ನು ನಾವು ಬಸಳೆಯ ಬುಡಕ್ಕೂ ಹಾಕುತ್ತೇವೆ! ಮಡಲೂ ತೆಂಗಿನ ಸಿಪ್ಪೆಯೂ ಬೇಕಾದಷ್ಟಿರುವ ನಾಡಿನಲ್ಲಿ ಇದು ಯಾತಕ್ಕೆಂದು ನಮಗೆ ತಿಳಿಯದು.

ಒಂದು ದಿನದ ಕೆಲಸದಿಂದ ಏನಾದೀತೆಂದು ಕೇಳುವವರುಂಟು. ಒಂದೇ ದಿನದಿಂದಾದರೆ ಹೆಚ್ಚೇನೂ ಆಗದು. ಮುಂಬಯಿಯ ವರ್ಸೋವಾ ತೀರದಲ್ಲಿ ವಕೀಲರಾದ ಅಫ್ರೋಜ್ ಶಾ ಎಂಬವರು ೨೦೧೫ರ ಅಕ್ಟೋಬರದಲ್ಲಿ ವೃದ್ಧರಾದ ಒಬ್ಬ ನೆರೆಯವರೊಡನೆ ಕಸವನ್ನು ಎತ್ತತೊಡಗಿದರು. ವಾರವಾರವೂ ಜನ ಕೂಡುತ್ತಾ ಹೋಗಿ, ೨೦೧೮ರ ಮಾರ್ಚಿಯಲ್ಲಿ ಆ ಮರಳಿನಿಂದ ಆಮೆಯ ಮರಿಗಳು ಹೊರಟು ಕಡಲಿಗೆ ನಡೆದವು. ನಮ್ಮ ಕೇರಿಗೆ ವಾರವಾರವೂ ಸಾಧ್ಯವಾಗಲಿಕ್ಕಿಲ್ಲ. ಮಳೆಯ ಮುಂಚೆ ಒಂದು ಸಾರಿ, ಮಳೆ ನಿಂತ ತರುವಾಯ ಒಂದು ಸಾರಿ ಆಗಬಹುದು.

ಕೊನೆಗೆ ಲೆಕ್ಕದ ಪುಸ್ತಕ. ಬರಹ ಚೆನ್ನಾಗಿರುವ ಒಬ್ಬ ಹುಡುಗಿಯನ್ನು ತಕ್ಕಡಿಯ ಬಳಿ ಕೂಡ್ರಿಸಿ, ಯಾವ ಕಸ ಎಷ್ಟು ತೂಗಿತು, ಯಾವ ಗಟಾರದಿಂದ ಬಂತು, ಗುಜರಿಯಿಂದ ಎಷ್ಟು ಹಣ ದೊರೆಯಿತು ಎಂದು ಬರೆಯಿಸಬೇಕು. ಆ ಹಣದಿಂದ ಮುಂದಿನ ಸಾರಿಯ ಕೈಚೀಲಗಳನ್ನು ಕೊಳ್ಳಬಹುದು. ಮಾರನೆಯ ವರ್ಷ ಅದೇ ಗಟಾರದಿಂದ ಅಷ್ಟೇ ಕಸ ಹೊರಟರೆ, ಆ ಸಾಲಿನ ಮನೆಗಳಿಗೆ ಪುಸ್ತಕವನ್ನು ತೆಗೆದುಕೊಂಡು ಹೋಗಿ ತೋರಿಸಬಹುದು.