ಹಿಮವನ್ನು ಅಳೆಯುವ ವಿಮಾನ

ಹಿಮವೆಂದರೆ ನಮ್ಮಂಥವರಿಗೆ ಕಾವ್ಯದ ವಸ್ತು. ಹಿಮಗಿರಿಯ ವರ್ಣನೆಯನ್ನು ಎಷ್ಟೋ ವರ್ಷ ಪಾಠ ಹೇಳಿದವನು ನಾನು. ಅಮೆರಿಕದ ಕ್ಯಾಲಿಫೋರ್ನಿಯದವರಿಗಾದರೋ ಅದು ಕುಡಿಯುವ ನೀರು. ಅಲ್ಲಿ ಬೇಸಗೆಯಲ್ಲಿ ಮಳೆಯಿಲ್ಲವೆಂದೇ ಹೇಳಬೇಕು. ಚಳಿಗಾಲದಲ್ಲಿ ಸಿಯೆರಾ ನೆವಾಡ ಪರ್ವತಗಳ ಮೇಲೆ ಬಿದ್ದ ಹಿಮ ವಸಂತದಲ್ಲಿ ಕರಗಿ ಹೊಳೆಯಾಗಿ ಇಳಿಯಬೇಕು. ಆ ರಾಜ್ಯದ ನೀರಿನಲ್ಲಿ ಶೇಕಡ 30ರಷ್ಟು ಹೀಗೆ ಬರುವಂಥದು. ಬೆಟ್ಟದ ಮೇಲೆ ಎಷ್ಟು ನೀರು ಹೆಪ್ಪುಗಟ್ಟಿದೆಯೆಂದು ಮೊದಲೇ ತಿಳಿಯದೆ ಅಣೆಕಟ್ಟೆಯ ಅಧಿಕಾರಿಗೆ ಗತಿಯಿಲ್ಲ. ಪ್ರವಾಹಕ್ಕೆ ಅಂಜಿ ಜಲಾಶಯವನ್ನು ತೆರವುಮಾಡಿದ ಮೇಲೆ ನೀರು ಬಾರದಿದ್ದರೆ ಬೇಸಗೆಯಲ್ಲಿ ಊರು ಬಾಯಾರುತ್ತದೆ. ತುಂಬಿಟ್ಟುಕೊಂಡಾಗ ಹೆಚ್ಚು ಬಂದರೆ ಕೆಳಗಿನ ಊರುಗಳು ಮುಳುಗುತ್ತವೆ.

ಈ ಅಳತೆಗೆ ದಾರಿ ತೋರಿದವರು ಎಂಜಿನಿಯರರಲ್ಲ. ನೆವಾಡ ವಿಶ್ವವಿದ್ಯಾನಿಲಯದಲ್ಲಿ ಲ್ಯಾಟಿನ್ ಮೊದಲಾದ ಪ್ರಾಚೀನ ಸಾಹಿತ್ಯವನ್ನು ಕಲಿಸುತ್ತಿದ್ದ ಜೇಮ್ಸ್ ಚರ್ಚ್ ಎಂಬ ಪ್ರಾಧ್ಯಾಪಕರು! ಇದನ್ನು ಹೇಳುವಾಗ ಭಾಷೆಯ ಮೇಷ್ಟರಾದ ನನ್ನ ದನಿ ಕೊಂಚ ಏರಿದರೆ ಕೇಳುಗರು ಮನ್ನಿಸಬೇಕು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಅವರು ಮೌಂಟ್ ರೋಸ್ ಬೆಟ್ಟವನ್ನೇರಿ, ಟೊಳ್ಳು ಕೊಳವೆಯೊಂದನ್ನು ಹಿಮದೊಳಗೆ ನೆಲಮುಟ್ಟ ಇಳಿಸಿ, ಒಳಗೆ ನಿಂತ ಹಿಮವನ್ನು ಕೊಳವೆಸಮೇತ ತೂಗಿದರು. ತೂಕ ತಿಳಿದರೆ ನೀರು ತಿಳಿದಂತೆ. ಆಳವೊಂದೇ ಸಾಲದು: ಹೊಸ ಹಿಮ ಅರಳೆಯಂತೆ ಹಗುರ, 10 ಅಂಗುಲ ಕರಗಿದರೆ ಸುಮಾರು 1 ಅಂಗುಲ ನೀರು, ವಸಂತದ ಹಳೆಯ ಹಿಮ 4 ಅಂಗುಲವನ್ನೂ ಕೊಟ್ಟೀತು.

ಒಂದು ಅಗುಳು ಹಿಸುಕಿ ಅನ್ನ ಬೆಂದಿತೆನ್ನಬಹುದು. ಪರ್ವತ ಅನ್ನದ ಪಾತ್ರೆಯಲ್ಲ. 2015ರ ಏಪ್ರಿಲ್ 1ರಂದು ಗವರ್ನರ್ ಜೆರಿ ಬ್ರೌನ್ ಅಳತೆಯ ಬಯಲಿಗೆ ಹೋದಾಗ ಅಲ್ಲಿ ಬರಿಯ ಹುಲ್ಲಿತ್ತು. ರಾಜ್ಯದ ಹಿಮ ವಾಡಿಕೆಯ ಶೇಕಡ 5ಕ್ಕೆ ಇಳಿದಿತ್ತು; ಪಟ್ಟಣಗಳ ನೀರಿನ ಬಳಕೆಯನ್ನು ಶೇಕಡ 25ರಷ್ಟು ತಗ್ಗಿಸಬೇಕೆಂದು ಅಂದೇ ಆಜ್ಞೆಯಾಯಿತು. ಇಂಥ ವರ್ಷ ಉಳಿದ ಅಷ್ಟಿಷ್ಟು ಹಿಮವಿರುವುದು ಬಹು ಎತ್ತರದಲ್ಲಿ.

ವಿಮಾನ ಬೇಕಾಗುವುದು ಅಲ್ಲಿಯೇ. 2013ರಲ್ಲಿ ನಾಸಾ ಸಂಸ್ಥೆ ರಾಜ್ಯದ ಜಲ ಇಲಾಖೆಯೊಡಗೂಡಿ, ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೆ ನೀರುಣಿಸುವ ಟುವಾಲಮಿ ನದಿಯ ಕಣಿವೆಯ ಮೇಲೆ ಹಾರಾಟವನ್ನಾರಂಭಿಸಿತು. ವಿಮಾನದಿಂದ ಲೇಸರ್ ಕಿರಣಗಳನ್ನು ಕೆಳಗೆ ಬಿಡುತ್ತಾರೆ. ಕಿರಣ ತಗುಲಿ ಮರಳಲು ಹಿಡಿದ ಕಾಲದಿಂದ ದೂರವನ್ನು ಲೆಕ್ಕಹಾಕುತ್ತಾರೆ. ಹಿಮವಿಲ್ಲದ ಕಾಲದಲ್ಲಿ ಬರಿನೆಲದ ಎತ್ತರ, ಹಿಮಗಾಲದಲ್ಲಿ ಹಿಮದ ಮೈಯ ಎತ್ತರ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಉಳಿಯುವುದೇ ಆಳ. ಜೊತೆಗಿರುವ ಇನ್ನೊಂದು ಯಂತ್ರ ಹಿಮ ಎಷ್ಟು ಬೆಳಕನ್ನು ಹಿಂದಕ್ಕೆ ಚೆಲ್ಲುತ್ತದೆಂದು ನೋಡುತ್ತದೆ. ಧೂಳು ಕವಿದ ಹಿಮ ಬಿಸಿಲನ್ನು ಹೀರಿ ಬೇಗ ಕರಗುತ್ತದೆ. ಹೀಗಾಗಿ ನೀರು ಎಷ್ಟೆಂಬುದರೊಡನೆ ಎಂದು ಬಂದೀತೆಂಬ ಸುಳಿವೂ ಸಿಗುತ್ತದೆ.

ಲೇಸರಿಗೆ ಆಳ ಗೊತ್ತು, ತೂಕ ಗೊತ್ತಿಲ್ಲ. ಅದನ್ನು ಗಣಿತದಿಂದ ಅಂದಾಜುಮಾಡಿ, ನೆಲದ ಮೇಲಿನ ಅಳತೆಯೊಡನೆ ತಾಳೆ ನೋಡಬೇಕು. ಆದುದರಿಂದ ಚಳಿಗಾಲದಲ್ಲಿ ಈಗಲೂ ಯಾರಾದರೊಬ್ಬರು ಕೊಳವೆ ಹಿಡಿದು ಬೆಟ್ಟ ಹತ್ತುತ್ತಾರೆ.